ಒಳಜೇಬಿನ ದುಡ್ಡು

ಬ್ಯಾಂಕ್‌ರೋಲ್ ಎನ್ನುವ ಪದಕ್ಕೆ ಸರಿಯಾದ ಕನ್ನಡ ಯಾವುದು ಎಂದು ಬಹಳ ದಿನ ಹುಡುಕಿದ್ದೆ. ಬಂಡವಾಳ ಎಂದರೆ ಹತ್ತಿರ ಬರುತ್ತದೆ, ಆದರೆ ಪೂರ್ತಿ ಕೂರುವುದಿಲ್ಲ. ಬಂಡವಾಳ ಹಾಕುವವನು ಅದು ಬೆಳೆಯಲಿ ಎಂದು ಹಾಕುತ್ತಾನೆ. ಬ್ಯಾಂಕ್‌ರೋಲ್ ಕಟ್ಟುವವನು ಮೊದಲು ಯೋಚಿಸಬೇಕಾದದ್ದು, ಇದಿಷ್ಟೂ ಹೋದರೆ ನಾಳೆ ಬೆಳಗ್ಗೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು.

ಕೊನೆಗೆ ಆ ಪದ ಮನೆಯಲ್ಲೇ ಸಿಕ್ಕಿತು. ನಮ್ಮಪ್ಪ ರೀಲರ್. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಹರಾಜು ಕೂಗಿ ತಂದು, ಮನೆ ಹಿಂದಿನ ಶೆಡ್ಡಿನಲ್ಲಿ ನೂಲು ತೆಗೆಸಿ ಮಾರುವವರು. ಅವರ ಬನಿಯನ್ನಿಗೆ ಒಂದು ಒಳಜೇಬು, ಅಂಗಿಗೆ ಒಂದು ಹೊರಜೇಬು. ಒಳಗಿನದು ಗೂಡಿನ ದುಡ್ಡು, ಹೊರಗಿನದು ಮನೆ ದುಡ್ಡು. ಹೊರಜೇಬು ಖಾಲಿಯಿದ್ದ ದಿನ ಅಮ್ಮ ತರಕಾರಿಗೆ ಕೇಳಿದರೆ, ಒಳಜೇಬಿನಲ್ಲಿ ಇಪ್ಪತ್ತು ಸಾವಿರ ಇದ್ದರೂ ಅಪ್ಪ ಇಲ್ಲ ಎನ್ನುತ್ತಿದ್ದರು. ನೂಲಿನ ದರ ಬಿದ್ದು ಒಳಜೇಬು ಬರಿದಾದ ದಿನ ಹೊರಜೇಬಿಗೆ ಕೈ ಹಾಕುತ್ತಲೂ ಇರಲಿಲ್ಲ. ಮಾರುಕಟ್ಟೆಗೇ ಹೋಗದೆ ಶೆಡ್ಡಿನ ಮುಂದೆ ಕೂತು ಬೀಡಿ ಸೇದುತ್ತಿದ್ದರು. ಈಗ ಹರಾಜು ಮೊಬೈಲಿಗೆ ಬಂದಿದೆ, ದುಡ್ಡು ಖಾತೆಯಿಂದ ಖಾತೆಗೆ ಹೋಗುತ್ತದೆ. ಅಪ್ಪನ ಲೆಕ್ಕದಲ್ಲಿ ಮಾತ್ರ ಇವತ್ತಿಗೂ ಎರಡು ಜೇಬು.

ನಾನು ಆನ್‌ಲೈನ್ ಪೋಕರ್ ಆಡಲು ಶುರು ಮಾಡಿದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಬಿ.ಕಾಂ. ಮುಗಿದಿತ್ತು, ಕೆಲಸ ಇರಲಿಲ್ಲ. ಪಿಯುಸಿ ಹುಡುಗರಿಗೆ ಅಕೌಂಟೆನ್ಸಿ ಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ 6,000 ರೂಪಾಯಿಯನ್ನು ಆಟಕ್ಕೆಂದು ಬೇರೆ ಇಟ್ಟೆ. ಆಡಿದ್ದು ಅತಿ ಸಣ್ಣ ಮೇಜುಗಳಲ್ಲಿ ಒಂದು: ಒಂದು ರೂಪಾಯಿ, ಎರಡು ರೂಪಾಯಿಯ ಬ್ಲೈಂಡು. ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟಬೇಕಾದ ಪಣಕ್ಕೆ ಬ್ಲೈಂಡ್ ಎನ್ನುತ್ತಾರೆ. ದೊಡ್ಡ ಬ್ಲೈಂಡಿನ ನೂರು ಪಟ್ಟು, ಅಂದರೆ 200 ರೂಪಾಯಿ ಹಿಡಿದು ಮೇಜಿಗೆ ಕೂರುವುದು ರೂಢಿ. ಇದಕ್ಕೆ ಬೈ-ಇನ್ ಎಂದು ಹೆಸರು. ಕೈಯಲ್ಲಿ ಕನಿಷ್ಠ ಇಪ್ಪತ್ತರಿಂದ ಮೂವತ್ತು ಬೈ-ಇನ್ ಇಲ್ಲದೆ ಯಾವ ಮೇಜಿಗೂ ಕೂರಬಾರದು ಎನ್ನುವುದು ಆಟಗಾರರಲ್ಲಿ ಎಲ್ಲರೂ ಹೇಳುವ, ಕೆಲವರು ಮಾತ್ರ ಪಾಲಿಸುವ ನಿಯಮ. ಟೂರ್ನಮೆಂಟು ಆಡುವವರಿಗೆ ಇದು ನೂರರವರೆಗೂ ಹೋಗುತ್ತದೆ. ನನ್ನ ಆರು ಸಾವಿರ ಸರಿಯಾಗಿ ಮೂವತ್ತು ಬೈ-ಇನ್.

ಇಷ್ಟು ಸಣ್ಣ ಆಟಕ್ಕೆ ಅಷ್ಟೊಂದು ದುಡ್ಡು ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. ಕೈಗೆ ಎರಡು ಎಕ್ಕ ಬಂತು ಎಂದುಕೊಳ್ಳಿ. ಪೋಕರಿನಲ್ಲಿ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಎದುರಿನವನ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಇದ್ದಬದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದರೆ, ಎಕ್ಕದವನು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ 18 ಸಲ ಯಾವ ತಪ್ಪೂ ಮಾಡದೆ ಸೋಲುತ್ತಾನೆ. ಆ ಹದಿನೆಂಟರಲ್ಲಿ ಮೂರು ಒಂದೇ ರಾತ್ರಿ ಬಂದರೂ ಆಶ್ಚರ್ಯವಿಲ್ಲ.

ಇನ್ನೊಂದು ಲೆಕ್ಕ ನೋಡಿ. ಒಬ್ಬ ಒಳ್ಳೆಯ ಆಟಗಾರ ಪ್ರತಿ ನೂರು ಆಟಕ್ಕೆ ಸರಾಸರಿ ಐದು ದೊಡ್ಡ ಬ್ಲೈಂಡ್ ಗೆಲ್ಲುತ್ತಾನೆ ಎನ್ನೋಣ. ನೂರು ಆಟದಲ್ಲಿ ಏರಿಳಿತದ ಅಳತೆ, ಸಂಖ್ಯಾಶಾಸ್ತ್ರದವರು ಹೇಳುವ ಪ್ರಮಾಣ ವಿಚಲನೆ, ಸುಮಾರು 90 ಬ್ಲೈಂಡ್ ಇರುತ್ತದೆ. ಹತ್ತು ಸಾವಿರ ಆಟ ಆದಮೇಲೆ ಅವನಿಗೆ ಬರಬೇಕಾದ ಗೆಲುವು 500 ಬ್ಲೈಂಡ್, ಏರಿಳಿತ 900 ಬ್ಲೈಂಡ್. ಅಂದರೆ ಇಂಥ ಹತ್ತು ಮಂದಿ ಒಳ್ಳೆಯ ಆಟಗಾರರನ್ನು ಸಾಲಾಗಿ ಕೂರಿಸಿದರೆ, ಹತ್ತು ಸಾವಿರ ಆಟ ಮುಗಿದಾಗ ಸುಮಾರು ಮೂವರು ಇನ್ನೂ ನಷ್ಟದಲ್ಲೇ ಇರುತ್ತಾರೆ. ಒಂದು ಮೇಜಿನಲ್ಲಿ ಹತ್ತು ಸಾವಿರ ಆಟಕ್ಕೆ ನೂರೈವತ್ತು ಗಂಟೆ ಬೇಕು. ಅಷ್ಟು ಹೊತ್ತು ಸರಿಯಾಗಿಯೇ ಆಡಿ ಸೋಲುತ್ತಿರುವವನಿಗೆ ತಾನು ಸರಿಯಾಗಿ ಆಡುತ್ತಿದ್ದೇನೆ ಎಂದು ಗೊತ್ತಾಗುವ ದಾರಿ ಯಾವುದೂ ಇಲ್ಲ. ಮೂವತ್ತು ಬೈ-ಇನ್ ಇರುವುದು ಆ ಕತ್ತಲನ್ನು ದಾಟುವುದಕ್ಕೆ.

ಗೆದ್ದರೂ ಎಷ್ಟು? ನನ್ನ ಮೇಜಿನಲ್ಲಿ 500 ಬ್ಲೈಂಡ್ ಎಂದರೆ 1,000 ರೂಪಾಯಿ. ನೂರೈವತ್ತು ಗಂಟೆಗೆ ಸಾವಿರ. ಗಂಟೆಗೆ ಏಳು ರೂಪಾಯಿಯೂ ಆಗಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಬರುವುದಿಲ್ಲ. ಈ ಲೆಕ್ಕ ಮೊದಲ ತಿಂಗಳೇ ನನ್ನ ನೋಟ್‌ಬುಕ್ಕಿನಲ್ಲಿತ್ತು. ಆದರೂ ಆಡಿದೆ. ಚೆಸ್ ಆಡುವವರು ಆಡುವ ಹಾಗೆ, ಆಟದೊಳಗಿನ ಯೋಚನೆ ಇಷ್ಟವಾಗಿತ್ತು. ದಿನಕ್ಕೆ ಒಂದು ಗಂಟೆ, ಎರಡು ಬೈ-ಇನ್ ಹೋದರೆ ಆ ದಿನಕ್ಕೆ ಮುಗಿಯಿತು. ಪ್ರತಿ ರಾತ್ರಿ ಪುಸ್ತಕದಲ್ಲಿ ಒಂದು ಸಾಲು: ತಾರೀಖು, ಆಟ ಎಷ್ಟು, ಬಂದದ್ದು ಅಥವಾ ಹೋದದ್ದು.

ಆ ಪುಸ್ತಕವನ್ನು ಅಪ್ಪ ಒಂದು ದಿನ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಹಾಳೆ ತಿರುವಿ, "ದಿನಾ ಬರೀತೀಯಾ?" ಎಂದರು. ಹೌದು ಎಂದೆ. "ಹೋದ ದಿನಾನೂ ಬರ್ದಿದೀಯಲ್ಲ, ಅದು ಸರಿ. ಗೆದ್ದಿದ್ದು ಮಾತ್ರ ಬರ್ಕೊಳ್ಳೋರೇ ಜಾಸ್ತಿ" ಎಂದು ಪುಸ್ತಕ ಕೊಟ್ಟು ಹೋದರು. ಅವರಿಗೆ ಪೋಕರ್ ಎಂದರೆ ಏನೆಂದು ಗೊತ್ತಿಲ್ಲ. ಆದರೆ ಅವರು ದಿನಾ ಮಾಡುವುದು ಹೆಚ್ಚೂಕಡಿಮೆ ಅದನ್ನೇ.

ಜಾಲರಿಯಲ್ಲಿ ಸುರಿದ ಗೂಡನ್ನು ರೀಲರ್ ಕೈಯಲ್ಲಿ ಹಿಡಿದು ಅದುಮಿ ನೋಡುತ್ತಾನೆ, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾನೆ. ಅದರೊಳಗೆ ಎಷ್ಟು ನೂಲಿದೆ ಎಂದು ಯಾರಿಗೂ ಕಾಣುವುದಿಲ್ಲ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಎಂಬ ಅಳತೆಗೆ ರೆಂಡಿಟ್ಟ ಎನ್ನುತ್ತೇವೆ. ಹಳದಿ ಬಣ್ಣದ ಮಿಶ್ರತಳಿ ಗೂಡಿನಲ್ಲಿ ಅದು ಏಳೂವರೆ ಎಂಟರ ಆಸುಪಾಸು, ಬಿಳಿಯ ದ್ವಿತಳಿ ಗೂಡಿನಲ್ಲಿ ಆರು ಆರೂವರೆ. ಲೆಕ್ಕಕ್ಕೆಂದು ಹೇಳುವುದಾದರೆ, ಕೆ.ಜಿ.ಗೆ 500ರಂತೆ 50 ಕೆ.ಜಿ. ಮಿಶ್ರತಳಿ ಗೂಡಿಗೆ 25,000 ಕೊಟ್ಟಿರಿ. ಕೂಲಿ, ಸೌದೆ, ಕರೆಂಟಿಗೆ 3,000 ಹೋಯಿತು. ನೂಲಿನ ದರ ಕೆ.ಜಿ.ಗೆ 4,400 ಇದೆ. ರೆಂಡಿಟ್ಟ ಏಳೂವರೆ ಬಂದರೆ ಸುಮಾರು 1,300 ಲಾಭ. ಎಂಟು ಬಂದರೆ 500 ನಷ್ಟ. ಗೂಡು ಒಂದೇ ಥರ ಕಂಡಿತ್ತು, ಕೈಗೆ ಒಂದೇ ಥರ ಗಟ್ಟಿಯಾಗಿತ್ತು. ನಡುವೆ ಇದ್ದದ್ದು ಅರ್ಧ ರೆಂಡಿಟ್ಟ.

ತಂದ ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. ಒಳಗಿನ ಹುಳು ಪತಂಗವಾಗಿ ಕೊರೆದು ಹೊರಬಂದರೆ ನೂಲು ಹೋಯಿತು. ಆದ್ದರಿಂದ ರೀಲರ್ ಎಂದರೆ ದಿನಾ ಕೊಳ್ಳಬೇಕು, ದಿನಾ ಬಿಚ್ಚಬೇಕು. ಅಪ್ಪನ ನಿಯಮ ಹೀಗಿತ್ತು: ಮೂರು ದಿನದ ಗೂಡಿಗೆ ಆಗುವಷ್ಟು ದುಡ್ಡು ಒಳಜೇಬಿನಲ್ಲಿ ಇದ್ದರೆ ಮಾತ್ರ ಇವತ್ತಿನ ಲಾಟು ಕೂಗುವುದು, ಎರಡು ದಿನದ್ದಕ್ಕೆ ಇಳಿದರೆ ಅರ್ಧ ಲಾಟು. ಒಂದು ಸಲ ಒಳ್ಳೆಯ ದ್ವಿತಳಿ ಗೂಡು ಕಡಿಮೆಗೆ ಸಿಗುತ್ತಿದ್ದಾಗ ನಾನೇ ಕೇಳಿದೆ, ಇನ್ನೊಂದು ಲಾಟು ಕೂಗಬಹುದಲ್ಲ ಎಂದು. "ನಾಳಿಕ್ಕೂ ಮಾರ್ಕೆಟ್ ಇರ್ತದಪ್ಪ. ನಾವೂ ಇರಬೇಕಲ್ಲ" ಎಂದರು.

ಇದನ್ನೇ ಗಣಿತದವರು ಬೇರೆ ಮಾತಿನಲ್ಲಿ ಹೇಳಿದ್ದಾರೆ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1657ರಲ್ಲಿ ಜೂಜಿನ ಲೆಕ್ಕಗಳ ಬಗ್ಗೆ ಬರೆದ ಚಿಕ್ಕ ಕೃತಿಯ ಕೊನೆಗೆ ಒಂದು ಸಮಸ್ಯೆ ಕೊಟ್ಟ. ಹನ್ನೆರಡು ಹನ್ನೆರಡು ಬಿಲ್ಲೆ ಹಿಡಿದ ಇಬ್ಬರು ಆಡುತ್ತಾ ಹೋದರೆ, ಒಬ್ಬನ ಬಿಲ್ಲೆ ಪೂರ್ತಿ ಖಾಲಿಯಾಗುವ ಸಂಭವ ಎಷ್ಟು? ಇದೇ ಮುಂದೆ 'ಜೂಜುಗಾರನ ದಿವಾಳಿ' ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅದರ ತಿರುಳು ಸರಳ: ಆಟ ಸಮಸಮವಾಗಿದ್ದರೂ ಕಡಿಮೆ ದುಡ್ಡಿನವನು ಮೊದಲು ಖಾಲಿಯಾಗುವ ಸಂಭವವೇ ಹೆಚ್ಚು. 1956ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಎಷ್ಟು ಪಣ ಒಡ್ಡಬೇಕು ಎಂಬುದಕ್ಕೆ ಸೂತ್ರ ಕೊಟ್ಟ. ಒಂದಕ್ಕೆ ಒಂದು ಬರುವ ಆಟದಲ್ಲಿ ನೂರಕ್ಕೆ 55 ಸಲ ಗೆಲ್ಲುವವನು ಕೈಯಲ್ಲಿರುವುದರ ಶೇ. 10ರಷ್ಟು ಒಡ್ಡಬಹುದು. 50 ಸಲ ಗೆಲ್ಲುವವನು ಒಡ್ಡಬೇಕಾದದ್ದು ಸೊನ್ನೆ.

ಧರ್ಮರಾಯ ಈ ಸೂತ್ರವನ್ನು ತಲೆಕೆಳಗು ಮಾಡಿ ಆಡಿದವನು. ಪ್ರತಿ ಸಲ ಸೋತಾಗಲೂ ಮುಂದಿನ ಪಣ ಹಿಂದಿನದಕ್ಕಿಂತ ದೊಡ್ಡದು: ಮುತ್ತು ರತ್ನ, ರಥ, ಆನೆ, ರಾಜ್ಯ, ತಮ್ಮಂದಿರು, ತಾನು, ದ್ರೌಪದಿ. ಶಕುನಿಯ ದಾಳದಲ್ಲಿ ಮೋಸ ಇತ್ತು, ನಿಜ. ಆದರೆ ಮೋಸವಿಲ್ಲದ ದಾಳದಲ್ಲೂ ಹಾಗೆ ಏರಿಸುತ್ತಾ ಹೋದವನು ಒಂದು ದಿನ ಅಲ್ಲಿಗೇ ಬಂದು ನಿಲ್ಲುತ್ತಾನೆ. ಅದೇ ಮಹಾಭಾರತದ ಅರಣ್ಯಪರ್ವದಲ್ಲಿ ನಳನ ಕಥೆ ಬರುತ್ತದೆ. ಅವನೂ ರಾಜ್ಯ ಸೋತ. ದಮಯಂತಿಯನ್ನು ಒಡ್ಡು ಎಂದು ಪುಷ್ಕರ ಹೇಳಿದಾಗ ಮಾತ್ರ ಎದ್ದು ನಡೆದ. ಎಲ್ಲ ಕಳೆದುಕೊಂಡವನಿಗೂ ಮುಟ್ಟದ ಒಂದು ಜೇಬು ಇತ್ತು.

ನನ್ನ ಜೊತೆ ಹೈಸ್ಕೂಲಿನಿಂದ ಓದಿದ ಗೆಳೆಯನೊಬ್ಬ ಇದ್ದಾನೆ. ಅವನ ತಾಯಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುವವರು. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತವೆ. ತಿಂಗಳಿಗೆ ಐದು ಸಾವಿರದಂತೆ ಇಪ್ಪತ್ತು ಜನರ ಚೀಟಿ ಕಟ್ಟುತ್ತಿದ್ದರು. ಮಗಳ ಮದುವೆಗೆಂದು 2023ರಲ್ಲಿ ಚೀಟಿ ಕೂಗಿ ಎತ್ತಿದಾಗ ಕೈಗೆ ಬಂದದ್ದು 82,000. ಮದುವೆಗೆ ಇನ್ನೂ ಮೂರು ತಿಂಗಳಿತ್ತು. ದುಡ್ಡನ್ನು ಮಗನ ಖಾತೆಗೆ ಹಾಕಿಸಿದ್ದರು.

ಗೆಳೆಯ ಆಟದಲ್ಲಿ ದಡ್ಡನಲ್ಲ. ಎದುರಿನವರ ಮನಸ್ಸು ಓದುವುದರಲ್ಲಿ ನನಗಿಂತ ಚುರುಕು. ನಾನು ಎರಡು ರೂಪಾಯಿ ಮೇಜಿನಲ್ಲಿ ಪುಸ್ತಕ ಬರೆಯುತ್ತಾ ಕೂತಿದ್ದರೆ ನಗುತ್ತಿದ್ದ. "ಲೇ, ನಿಂದು ಆಟ ಅಲ್ಲ ಮಗಾ, ಅಂಗಡಿ ಲೆಕ್ಕ" ಎನ್ನುತ್ತಿದ್ದ. ಐವತ್ತು–ನೂರು ರೂಪಾಯಿ ಬ್ಲೈಂಡಿನ ಮೇಜಿಗೆ ಹತ್ತು ಸಾವಿರ ಹಿಡಿದು ಕೂತ. ಮೊದಲ ವಾರ ಇಪ್ಪತ್ತು ಸಾವಿರ ಗೆದ್ದ. ಮೂರನೇ ವಾರ ಮುಗಿಯುವಾಗ ಗೆದ್ದದ್ದೂ ಹೋಗಿ, ತಾಯಿಯ ದುಡ್ಡಿನಲ್ಲಿ ಅರವತ್ತು ಸಾವಿರವೂ ಹೋಗಿತ್ತು.

ಅವನು ಆಡಿದ ಕೊನೆಯ ಆಟಗಳನ್ನು ಇಬ್ಬರೂ ಕೂತು ಒಂದೊಂದಾಗಿ ನೋಡಿದೆವು. ಅರ್ಧಕ್ಕಿಂತ ಹೆಚ್ಚು ಸರಿಯಾಗಿಯೇ ಇದ್ದವು. ಅವನನ್ನು ಮುಳುಗಿಸಿದ್ದು ಎಲೆಯಾಗಲಿ ಬುದ್ಧಿಯಾಗಲಿ ಆಗಿರಲಿಲ್ಲ. 82,000 ಎಂದರೆ ಆ ಮೇಜಿಗೆ ಎಂಟು ಬೈ-ಇನ್ ಮಾತ್ರ, ಅದೂ ತಂಗಿಯ ಮದುವೆಯದ್ದು. ಅವನಿಗೆ ಬ್ಯಾಂಕ್‌ರೋಲ್ ಇರಲೇ ಇಲ್ಲ. "ಆ ನಿಯಮ ನಂಗೂ ಹೇಳ್ಕೊಡು" ಎಂದ. ಹೇಳುವುದಕ್ಕೆ ಏನಿತ್ತು? ಹೋದರೂ ನಾಳೆಯ ಊಟ ಬದಲಾಗದಂಥ ದುಡ್ಡು ಇದ್ದರೆ ಅದರ ಮೂವತ್ತರಲ್ಲಿ ಒಂದು ಪಾಲು ಮೇಜಿಗೆ ತಾ ಎನ್ನುತ್ತದೆ ನಿಯಮ. ಅಂಥ ದುಡ್ಡು ಇಲ್ಲದವನಿಗೆ ಆಡಬೇಡ ಎನ್ನುತ್ತದೆ, ಅಷ್ಟೇ.

ನಿಯಮದ ಇನ್ನೊಂದು ಅರ್ಧ ಕೆಳಗಿಳಿಯುವುದು. ದುಡ್ಡು ಕರಗಿದರೆ ಮರ್ಯಾದೆ ಬಿಟ್ಟು ಚಿಕ್ಕ ಮೇಜಿಗೆ ಹೋಗಬೇಕು. 2023ರ ಶುರುವಿನಲ್ಲಿ ನನ್ನ ಆರು ಸಾವಿರ ಹದಿನೈದು ಸಾವಿರ ದಾಟಿತ್ತು. ಎರಡು–ಐದು ರೂಪಾಯಿಯ ಮೇಜಿಗೆ ಹತ್ತಿದೆ. ಎರಡು ತಿಂಗಳಲ್ಲಿ ಹನ್ನೊಂದಕ್ಕೆ ಬಂತು. ಮತ್ತೆ ಒಂದು–ಎರಡಕ್ಕೆ ಇಳಿದೆ. ಹೀಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ಆಟಗಾರರೆಲ್ಲ ಹೇಳುತ್ತಾರೆ. ನನಗೆ ಅಷ್ಟು ಕಷ್ಟವಾಗಲಿಲ್ಲ, ಅರ್ಧ ಲಾಟು ಕೂಗುವ ಅಪ್ಪನನ್ನು ನೋಡಿಕೊಂಡೇ ಬೆಳೆದಿದ್ದೆ.

ಆದರೆ ನಮ್ಮ ಸೀಮೆಯಲ್ಲಿ ಎಷ್ಟು ಜನಕ್ಕೆ ಕೆಳಗೊಂದು ಮೇಜು ಇದೆ? ನಮ್ಮ ದೊಡ್ಡಪ್ಪನಿಗೆ ಎರಡು ಎಕರೆ ಹಿಪ್ಪುನೇರಳೆ ಇದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸುದ್ದಿಯೇ ಅಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವನು ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ತೋರಿಸುತ್ತಾನೆ, ಲಾರಿ ಬಂದು ರಾತ್ರಿಯೆಲ್ಲ ಕೊರೆಯುತ್ತದೆ. ದೊಡ್ಡಪ್ಪ ಎರಡು ಪಾಯಿಂಟಿನಲ್ಲಿ ಬರೀ ಧೂಳು ಕಂಡು, ಸಾಲ ಮಾಡಿ ಮೂರನೆಯದು ಕೊರೆಸಿದರು. ನೀರು ಬಂತು. ಈಗ ಊರಿನವರು ಅವರನ್ನು ಧೈರ್ಯವಂತ ಎನ್ನುತ್ತಾರೆ. ಪಕ್ಕದ ಹೊಲದವರಿಗೂ ಅಷ್ಟೇ ಧೈರ್ಯ ಇತ್ತು. ಮೂರನೆಯದರಲ್ಲೂ ಧೂಳೇ ಬಂದು, ಹೊಲವನ್ನು ಬೆಂಗಳೂರಿನವರಿಗೆ ಮಾರಿದರು. ಅವರನ್ನು ಊರು ಹುಚ್ಚ ಎನ್ನುತ್ತದೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಹುಳು ಸಾಕಣೆಯಲ್ಲಾದರೂ ಕೆಳಗಿಳಿಯಬಹುದಲ್ಲ, ನೂರು ಮೊಟ್ಟೆಯ ಬದಲು ಐವತ್ತು ಮೊಟ್ಟೆ ಕಟ್ಟಿ ಎಂದು ದೊಡ್ಡಪ್ಪನಿಗೆ ಒಮ್ಮೆ ಹೇಳಿದೆ. "ಮೊಟ್ಟೆ ಅರ್ಧ ಕಟ್ಟಬಹುದು ಕಣಪ್ಪ, ಬಡ್ಡಿ ಅರ್ಧ ಕಟ್ತೀನಿ ಅಂದ್ರೆ ಕೇಳ್ತಾರಾ?" ಎಂದರು. ಹಾಲುತೊಂಡೆ ರೋಗ ಬಂದರೆ ನಾಲ್ಕನೇ ಜ್ವರ ದಾಟಿದ ಹುಳುವೂ ತಟ್ಟೆಯ ಮೇಲೆಯೇ ಒಡೆದು ಹೋಗುತ್ತದೆ. ರೋಗ ಬಾರದಿದ್ದರೂ ದರ ಇರಬೇಕು. 2011ರ ಬಜೆಟ್ಟಿನಲ್ಲಿ ಆಮದು ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು, ಗೂಡಿನ ದರ ಬಿತ್ತು. ಪೋಕರ್ ಮೇಜಿನಲ್ಲಿ ಕೂತವನಿಗೆ ಕನಿಷ್ಠ ಎಷ್ಟು ಎಲೆ ಇದೆ ಎಂದು ಗೊತ್ತು. ಐವತ್ತೆರಡು.

ಆ ಮೇಜಿಗೂ ಹೊರಗಿನ ಕೈಗಳು ಬಂದವು. ಪ್ರತಿ ಪಾಟ್‌ನಿಂದ ಆಡಿಸುವವರು ಮುರಿದುಕೊಳ್ಳುವ ರೇಕ್ ಮೊದಲಿನಿಂದಲೂ ಇತ್ತು. ಮೇಜು ಸಣ್ಣದಾದಷ್ಟೂ ಅದರ ಪೆಟ್ಟು ದೊಡ್ಡದು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಯಾಗಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ರಾಜ್ಯದಲ್ಲಿ ನಿಂತವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಆಟ ಮತ್ತೆ ತೆರೆಯಿತು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ. 30 ತೆರಿಗೆ ಮುರಿಯುವ ನಿಯಮ ಬಂತು. ಅದೇ ಅಕ್ಟೋಬರ್‌ನಿಂದ ಆಟಕ್ಕೆ ಹಾಕುವ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ. ಇದನ್ನೆಲ್ಲ ಕಳೆದರೆ ಸಣ್ಣ ಮೇಜಿನಲ್ಲಿ ಮೇಲುಗೈ ಉಳಿಯುವ ಆಟಗಾರ ಅಪರೂಪ. ಕೆಲ್ಲಿಯ ಸೊನ್ನೆ ನನ್ನ ಪುಸ್ತಕಕ್ಕೂ ಹತ್ತಿರ ಬರುತ್ತಿತ್ತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದಕ್ಕೆ ಅಲ್ಲಿ ಜಾಗವಿಲ್ಲ: ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದಾದರೂ ನಿಷಿದ್ಧ. ಶಿಕ್ಷೆ ಆಡಿಸುವವರಿಗೆ, ಆಡಿದವರಿಗಲ್ಲ. ನನ್ನ ಮೇಜು ಆ ವಾರವೇ ಮುಚ್ಚಿತು. ಕೌಶಲದ ಆಟ ಎಂದು ನಂಬಿ ಐದು ವರ್ಷ ಕಲಿತವನಿಗೆ ಬೇಸರ ಆಗಲಿಲ್ಲ ಎಂದರೆ ಸುಳ್ಳು. ಗೆಳೆಯನ ತಾಯಿಯ ಮುಖ ನೆನೆದರೆ ಮುಚ್ಚಿದ್ದು ತಪ್ಪು ಎನ್ನಲೂ ಬಾಯಿ ಬರುವುದಿಲ್ಲ.

ಖಾತೆಯಲ್ಲಿದ್ದದ್ದನ್ನೆಲ್ಲ ಹಿಂದಕ್ಕೆ ತೆಗೆದೆ. ತೆರಿಗೆ ಮುರಿದು ಕೈಗೆ ಬಂದದ್ದು 9,700 ರೂಪಾಯಿ. ಐದು ವರ್ಷಕ್ಕೆ 3,700 ಹೆಚ್ಚು. ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಗೆಳೆಯನ ತಂಗಿಯ ಮದುವೆ ಸಾಲದಲ್ಲೇ ನಡೆದುಹೋಗಿತ್ತು. ಅವನು ಈಗ ಒಂದು ರೀಲಿಂಗ್ ಘಟಕದಲ್ಲಿ ಕೆಲಸಕ್ಕಿದ್ದಾನೆ, ಆಟದ ಮಾತೇ ಎತ್ತುವುದಿಲ್ಲ. ಆ ಆಗಸ್ಟ್‌ನಲ್ಲಿ ಅವನ ತಾಯಿ ಹದಿನೈದು ದಿನ ಜ್ವರದಲ್ಲಿ ಮಲಗಿ ಕೂಲಿ ನಿಂತಿತ್ತು. ಬಡ್ಡಿಯವನು ಮನೆ ಬಾಗಿಲಿಗೆ ಬರುತ್ತಿದ್ದ. 9,700ನ್ನು ಅವನ ಕೈಗೆ ಕೊಟ್ಟೆ. "ಯಾವಾಗ ಕೊಡ್ಲಿ ಮಗಾ?" ಎಂದ. ಇದಕ್ಕೆ ತಾರೀಖು ಇಲ್ಲ ಎಂದೆ. ದೊಡ್ಡ ಮನಸ್ಸಿನ ಮಾತೇನಲ್ಲ ಅದು. ಹೋದರೂ ನಮ್ಮ ಮನೆಯಲ್ಲಿ ಏನೂ ಬದಲಾಗದು ಎಂದು ಐದು ವರ್ಷದ ಕೆಳಗೇ ತೀರ್ಮಾನಿಸಿ ಬೇರೆ ಇಟ್ಟಿದ್ದ ದುಡ್ಡು. ಅದು ಟ್ಯೂಷನ್ನಿನ ದುಡ್ಡಾಗಿದ್ದರೆ, ಅಥವಾ ಅಪ್ಪನ ಗೂಡಿನ ದುಡ್ಡಾಗಿದ್ದರೆ, ಹಾಗೆ ಹೇಳುತ್ತಿರಲಿಲ್ಲ.

ಒಂದೆರಡು ತಿಂಗಳ ಮೇಲೆ ಅವನು ಐನೂರು ತಂದುಕೊಟ್ಟ. ಪುಸ್ತಕ ತೆಗೆದು, ಎಳೆದಿದ್ದ ಗೆರೆಯ ಕೆಳಗೆ ತಾರೀಖು ಹಾಕಿ ಬರೆದುಕೊಂಡೆ. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಈ ಸಲ ನಗಲಿಲ್ಲ.